ಪಾದದ ಮೇಲಿನ ನಾಡಿ

ರೋಗಿಯನ್ನು ಮುಟ್ಟುವ ಮೊದಲು ನಮ್ಮ ಮೇಡಂ ಎರಡೂ ಕೈಗಳನ್ನು ಕಂಕುಳಲ್ಲಿ ಸೇರಿಸಿಕೊಂಡು ಅರ್ಧ ನಿಮಿಷ ಸುಮ್ಮನೆ ನಿಲ್ಲುತ್ತಿದ್ದರು. ನೋಡಿದವರಿಗೆ ಯಾರ ಮೇಲೋ ಮುನಿಸಿಕೊಂಡು ನಿಂತಂತೆ ಕಾಣುತ್ತಿತ್ತು. ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲೂ ಅವರು ಇದನ್ನು ಬಿಟ್ಟವರಲ್ಲ. “ಮೊದ್ಲು ನಿನ್ನ ಕೈ ಬೆಚ್ಚಗ ಮಾಡ್ಕೋ, ಆಮೇಲೆ ಅವರ ಮೈ ಮುಟ್ಟು. ತಣ್ಣನ್ ಕೈ ಇಟ್ರೆ ಹೊಟ್ಟೆ ಬಿಗಿ ಹಿಡೀತಾರೆ. ಒಳಗೇನೈತೆ ಅಂತ ನಿಂಗೆ ಹೆಂಗ್ ಗೊತ್ತಾಗತೈತೆ?” ಎನ್ನುತ್ತಿದ್ದರು. ನರ್ಸಿಂಗ್ ಓದುತ್ತಿದ್ದ ನಾವು ಹನ್ನೆರಡು ಹುಡುಗಿಯರು ಅವರ ಹಿಂದೆ ಸಾಲಾಗಿ, ಕಂಕುಳಲ್ಲಿ ಕೈ ಇಟ್ಟುಕೊಂಡೇ ವಾರ್ಡಿನೊಳಗೆ ಹೋಗುತ್ತಿದ್ದೆವು. ಆಯಾಗಳು ಸೆರಗು ಬಾಯಿಗಿಟ್ಟು ನಗುತ್ತಿದ್ದರು.

ಕಳೆದ ತಿಂಗಳು ಅವರು ಹರಿಹರದ ತಮ್ಮ ಮನೆಯಲ್ಲಿ ತೀರಿಕೊಂಡರು. ಬೆಳಿಗ್ಗೆ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಸುದ್ದಿ ಬಂತು. ಸ್ವಲ್ಪ ಹೊತ್ತಿಗೆಲ್ಲ ಮುಗಿದ ಕೈಗಳ ಚಿತ್ರ, ಅಳುವ ಮುಖಗಳ ಚಿತ್ರ. ಅವುಗಳ ನಡುವೆ ಒಬ್ಬಳು ಬರೆದಿದ್ದಳು: “ಅಂಥ ಮೇಡಂ ತಪ್ಪು ಹೇಳಿದಾಗಲೂ ಸರಿ ಹೇಳಿದವಳು ನಮ್ಮ ಬ್ಯಾಚಿನಲ್ಲೇ ಇದ್ದಾಳೆ. ನೆನಪಿದೆಯಾ?” ಎಲ್ಲರಿಗೂ ನೆನಪಿತ್ತು. ಆ ಮಾತು ನನ್ನ ಕುರಿತದ್ದು, ಮತ್ತು ಅದು ಸುಳ್ಳು. ಸುಳ್ಳೆಂದು ಗೊತ್ತಿದ್ದವರು ಇಬ್ಬರೇ ಇದ್ದೆವು. ಈಗ ನಾನೊಬ್ಬಳೇ ಉಳಿದಿದ್ದೇನೆ. ಗುಂಪಿನಲ್ಲಿ ನಾನು ಏನೂ ಬರೆಯಲಿಲ್ಲ.

ಗಿಡ್ಡ ಆಳು. ಕಾಟನ್ ಸೀರೆಯ ಮೇಲೆ ಮೊಣಕಾಲಿಗೆ ಬರುವ ಬಿಳಿ ಕೋಟು. ಎಡಗೈಯಲ್ಲಿ ಗಂಡಸರು ಕಟ್ಟುವಂಥ ದೊಡ್ಡ ವಾಚು, ಅದರ ಸೆಕೆಂಡಿನ ಮುಳ್ಳು ಕೆಂಪು. ವಾರ್ಡಿನ ಬಾಗಿಲಲ್ಲೇ ಬಳೆಗಳನ್ನು ಕಳಚಿ ಕೋಟಿನ ಜೇಬಿಗೆ ಹಾಕಿಕೊಳ್ಳುತ್ತಿದ್ದರಿಂದ, ನಡೆಯುವಾಗ ಸದ್ದು ಕೈಯಿಂದ ಬರದೆ ಸೊಂಟದಿಂದ ಬರುತ್ತಿತ್ತು. ಆ ಸದ್ದು ಕೇಳಿದರೆ ಸಾಕು, ನಾವು ಮಾತು ನಿಲ್ಲಿಸಿ ರೋಗಿಗಳ ಕಡೆ ತಿರುಗುತ್ತಿದ್ದೆವು.

ಅವರು ಕಲಿಸುತ್ತಿದ್ದ ವಿಷಯಕ್ಕೆ ಪುಸ್ತಕದಲ್ಲಿ ಉದ್ದನೆಯ ಹೆಸರಿದೆ. ಅವರ ಬಾಯಲ್ಲಿ ಅದು ನಾಲ್ಕೇ ಮಾತು: ನೋಡು, ಮುಟ್ಟು, ತಟ್ಟು, ಕೇಳು. ಹೊಟ್ಟೆಯದೊಂದಕ್ಕೆ ಮಾತ್ರ, ನೋಡಿದ ಮೇಲೆ ಮೊದಲು ಕೇಳಬೇಕು, ಆಮೇಲೆ ಮುಟ್ಟಬೇಕು; ಒತ್ತಿದರೆ ಕರುಳಿನ ಸದ್ದು ಬದಲಾಗುತ್ತದೆ. ನಾವು ಹೊಸ ಸ್ಟೆತೊಸ್ಕೋಪುಗಳನ್ನು ಕುತ್ತಿಗೆಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿನಲ್ಲೂ ತೆಗೆಯದೆ ಓಡಾಡಿದ ಮೊದಲ ವಾರದಲ್ಲೇ, ಅವನ್ನೆಲ್ಲ ಇಸಿದುಕೊಂಡು ತಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಒಂದು ತಿಂಗಳು ಬರೀ ಕಣ್ಣು. ಮಂಚದ ಕಾಲ್ದೆಸೆಯಲ್ಲಿ ಐದು ನಿಮಿಷ ನಿಂತು, ಕಂಡದ್ದನ್ನಷ್ಟೇ ಬರೆಯಬೇಕು. ನಾನು ‘ರೋಗಿ ಸುಸ್ತಾಗಿದ್ದಾನೆ’ ಎಂದು ಬರೆದಿದ್ದೆ. ಅದರ ಮೇಲೆ ಗೆರೆ ಎಳೆದರು. “ಸುಸ್ತು ಅನ್ನಾದು ನಿನ್ನ ತಲೆಯಾಗೈತೆ. ಕಣ್ಣಿಗೆ ಏನ್ ಕಂಡ್ತು, ಅದನ್ನ ಬರಿ.” ಮತ್ತೆ ನಿಂತು ನೋಡಿದೆ. ಆತ ಒಂದು ಮಾತು ಮುಗಿಸುವಷ್ಟರಲ್ಲಿ ಎರಡು ಸಲ ಉಸಿರು ಎಳೆದುಕೊಳ್ಳುತ್ತಿದ್ದ. ಮಲಗಿರಲಿಲ್ಲ, ಎರಡು ದಿಂಬಿಗೆ ಒರಗಿ ಕೂತಿದ್ದ. ಹಾಗೆ ಬರೆದ ಮೇಲೆ ಒಪ್ಪಿದರು.

ನಾನೂ ಹರಿಹರದವಳು. ದಿನಾ ಇಬ್ಬರಿಗೂ ಒಂದೇ ಬಸ್ಸು. ಬಸ್ಸಿನಲ್ಲಾದರೂ ಪಾಠ ತಪ್ಪೀತು ಎಂದುಕೊಂಡರೆ ಅದೂ ಇಲ್ಲ. “ಮುಂದಿನ ಸೀಟಿನಾಗೆ ಆ ಯಜಮಾನ್ರು ನಿದ್ದೆ ಹೊಡೀತಾರೆ ನೋಡು. ಬಾತಿ ಸ್ಟಾಪು ಬರಾದ್ರೊಳಗೆ ಉಸಿರು ಎಣಿಸಿ ಹೇಳು” ಎಂದು ತಮ್ಮ ವಾಚನ್ನು ನನ್ನ ಮುಂದೆ ಹಿಡಿಯುತ್ತಿದ್ದರು. ಉಸಿರು ಎಣಿಸುತ್ತಿದ್ದೇವೆಂದು ರೋಗಿಗೆ ಗೊತ್ತಾಗಬಾರದು, ಗೊತ್ತಾದರೆ ಉಸಿರಿನ ಗತಿ ಬದಲಾಗುತ್ತದೆ. ನಾಡಿ ಎಣಿಸಿ ಮುಗಿದ ಮೇಲೂ ಬೆರಳನ್ನು ಅಲ್ಲೇ ಇಟ್ಟುಕೊಂಡು ಎದೆಯ ಏರಿಳಿತ ಎಣಿಸಬೇಕು ಎನ್ನುವುದು ಕ್ರಮ. ಬಸ್ಸಿನಲ್ಲಿ ಮಲಗಿದವರು ಇದಕ್ಕೆ ಹೇಳಿ ಮಾಡಿಸಿದ ರೋಗಿಗಳು. ಒಂದು ದಿನ ಅಂಥವರೊಬ್ಬರು ಥಟ್ಟನೆ ಕಣ್ಣು ಬಿಟ್ಟು, “ಏನವ್ವಾ, ನನ್ನ ಅಂಗಿ ಮ್ಯಾಲೆ ಏನೈತೆ?” ಎಂದರು. ನಾನು ಕಿಟಕಿಯ ಕಡೆ ತಿರುಗಿಬಿಟ್ಟೆ. ಮೇಡಂ ಮುಖ ಒಂದಿಷ್ಟೂ ಬದಲಾಗದೆ, “ಏನಿಲ್ರಿ ಯಜಮಾನ್ರೆ, ನಿಮ್ಮ ಉಸಿರು ಚಲೋ ಐತೆ, ಮಲಕ್ಕೊಳ್ರಿ” ಎಂದರು. ಆತ ದಾವಣಗೆರೆ ಬರುವವರೆಗೂ ಮಲಗಲಿಲ್ಲ.

ಸುಳ್ಳು ಅಂಕಿ ಅವರ ಮೂಗಿಗೆ ಬಡಿಯುತ್ತಿತ್ತು. ಎರಡನೇ ವರ್ಷದಲ್ಲಿ ನಮ್ಮ ಇಡೀ ಬ್ಯಾಚು ಒಂದು ಕಳ್ಳದಾರಿ ಕಂಡುಕೊಂಡಿತ್ತು. ಉಸಿರು ಎಣಿಸಲು ಒಂದು ನಿಮಿಷ ಪೂರ್ತಿ ಬೇಕು, ಯಾರಿಗೂ ಅಷ್ಟು ತಾಳ್ಮೆ ಇಲ್ಲ. ಎಲ್ಲರೂ ಎಲ್ಲರಿಗೂ ಇಪ್ಪತ್ತು ಎಂದು ಬರೆಯುತ್ತಿದ್ದೆವು. ಒಂದು ಬೆಳಿಗ್ಗೆ ಅವರು ಹದಿನಾರು ಮಂಚಗಳ ಹಾಳೆಗಳನ್ನೂ ತಂದು ಮೇಜಿನ ಮೇಲೆ ಹರಡಿದರು. “ಏನ್ರವ್ವಾ, ವಾರ್ಡಿನಾಗೆ ಎಲ್ಲಾರೂ ಕೂಡಿ ಭಜನೆ ಮಾಡ್ತಾರೇನು, ಒಂದೇ ತಾಳಕ್ಕೆ ಉಸಿರಾಡಾಕೆ?” ಎಂದರು. ಶಿಕ್ಷೆಯಾಗಿ ನಾವು ಒಬ್ಬೊಬ್ಬರೇ ಅಭ್ಯಾಸದ ಕೋಣೆಯ ಮಂಚದ ಮೇಲೆ ರೋಗಿಯಂತೆ ಮಲಗಬೇಕಾಯಿತು. ಉಳಿದವರು ಸರದಿಯಲ್ಲಿ ಬಂದು ಹೊಟ್ಟೆ ಒತ್ತಿ, ಬೆನ್ನು ತಟ್ಟಿ, ನಮಗೆ ಕೇಳಿಸುವಂತೆ ನಮ್ಮ ಮೈಯ ಬಗ್ಗೆ ಮಾತಾಡಿಕೊಂಡರು. ನನ್ನ ಹೊಟ್ಟೆಯ ಮೇಲೆ ಗೆಳತಿಯೊಬ್ಬಳು ನಲ್ಲಿ ನೀರಿನಲ್ಲಿ ತೊಳೆದ ಕೈ ಹಾಗೇ ತಂದು ಇಟ್ಟಾಗ, ಕಂಕುಳ ಬಿಸಿಯ ಅರ್ಥ ಮೊದಲ ಸಲ ತಿಳಿಯಿತು.

ಇನ್ನೊಂದು ಪ್ರಸಂಗ ಈಗಲೂ ನನ್ನ ಕೈಕೆಳಗಿನ ಹುಡುಗಿಯರಿಗೆ ಹೇಳುತ್ತಿರುತ್ತೇನೆ. ಹೆರಿಗೆ ವಾರ್ಡಿನಲ್ಲಿ ಒಬ್ಬ ಬಾಣಂತಿಯನ್ನು ನೋಡಿದ ನಮ್ಮವಳೊಬ್ಬಳು ಕೈಕಾಲೆಲ್ಲ ಹಳದಿಯಾಗಿವೆ, ಕಾಮಾಲೆ ಇರಬೇಕು ಎಂದು ಗಾಬರಿಯಿಂದ ಓಡಿಬಂದಳು. ಮೇಡಂ ಹೋಗಿ, ಬಟ್ಟೆಯ ತುಂಡೊಂದನ್ನು ಒದ್ದೆ ಮಾಡಿ ಆಕೆಯ ಮೊಣಕೈ ಒರೆಸಿದರು. ಬಟ್ಟೆ ಹಳದಿಯಾಯಿತು, ಕೈ ಕೈಯ ಬಣ್ಣಕ್ಕೆ ಬಂತು. ಬಾಣಂತಿಯ ತಾಯಿ ಬೆಳಿಗ್ಗೆ ಮನೆಯಿಂದ ತಂದ ಅರಿಶಿನವನ್ನು ಯಾರಿಗೂ ಹೇಳದೆ ಮಗಳಿಗೆ ಹಚ್ಚಿದ್ದರು. “ಕಾಮಾಲೆ ಒರಸಿದ್ರೆ ಹೋಗತೈತೇನವ್ವಾ?” ಎಂದು ಕೇಳಿ, ಅಲ್ಲಿಗೇ ಬಿಡದೆ ಆಕೆಯನ್ನು ಕಿಟಕಿಯ ಬೆಳಕಿಗೆ ಕರೆದೊಯ್ದು ಕಣ್ಣಿನ ಬಿಳಿ, ನಾಲಿಗೆಯ ಅಡಿ ಎರಡನ್ನೂ ನೋಡಿದರು. ಅರಿಶಿನ ಇದ್ದ ಮಾತ್ರಕ್ಕೆ ಕಾಮಾಲೆ ಇಲ್ಲವೆಂದು ಹೇಳಲಾಗದು ಎನ್ನುವುದು ಅವರ ಲೆಕ್ಕ. ಆಕೆಗೆ ಕಾಮಾಲೆ ಇರಲಿಲ್ಲ.

ಮೂರನೇ ವರ್ಷದ ಹೊತ್ತಿಗೆ ಅವರ ರೀತಿ ಸ್ವಲ್ಪ ಬದಲಾಯಿತು. ಮೊದಲು ತಾವು ಮುಟ್ಟಿ ತೋರಿಸಿ ಆಮೇಲೆ ನಮ್ಮ ಕೈ ಇಡಿಸುತ್ತಿದ್ದವರು, “ನೀನೇ ಮೊದ್ಲು ನೋಡು, ನಂಗೆ ಹೇಳು” ಎನ್ನತೊಡಗಿದರು. ನಾವು ಹೇಳಿದ ಮೇಲೆ ತಾವೂ ಬೆರಳಿಟ್ಟು ತಲೆಯಾಡಿಸುತ್ತಿದ್ದರು. ನಾವು ಬೆಳೆದಿದ್ದೇವೆ, ಅದಕ್ಕೇ ನಮ್ಮನ್ನು ನಂಬುತ್ತಿದ್ದಾರೆ ಎಂದುಕೊಂಡು ಒಳಗೊಳಗೇ ಉಬ್ಬಿದೆವು. ಕ್ಯಾಂಟೀನಿನ ಸ್ಟೀಲ್ ಲೋಟದ ಚಹಾವನ್ನು ನಾವು ಕರ್ಚೀಫಿನಲ್ಲಿ ಹಿಡಿಯುತ್ತಿದ್ದೆವು, ಅವರು ಬರಿಗೈಯಲ್ಲಿ ಹಿಡಿದು ಮಾತಾಡುತ್ತ ನಿಲ್ಲುತ್ತಿದ್ದರು. ಅದನ್ನೂ ಮೆಚ್ಚಿ ಮಾತಾಡಿಕೊಂಡೆವು. ಅವರಿಗೆ ಸಕ್ಕರೆ ಕಾಯಿಲೆ ಇತ್ತು, ಊಟದ ಡಬ್ಬಿ ತೆರೆಯುವ ಮೊದಲು ಮಾತ್ರೆ ನುಂಗುತ್ತಿದ್ದರು. ಒಂದು ದಿನ ಅವರ ತೋರುಬೆರಳ ತುದಿಯಲ್ಲಿ ಬೊಬ್ಬೆ ಎದ್ದಿದ್ದನ್ನು ನಾನು ಕಂಡೆ. “ಸುಟ್ಕೊಂಡ್ರೇನ್ ಮೇಡಂ?” ಎಂದು ಕೇಳಿದೆ. ಅವರು ಬೆರಳನ್ನು ತಿರುಗಿಸಿ, ಅದು ಬೇರೆ ಯಾರದೋ ಎನ್ನುವಂತೆ ನೋಡಿದರು. “ಹೌದಲ್ಲ” ಎಂದರು. ಕಂಡದ್ದನ್ನು ಬರೆ ಎಂದು ಕಲಿಸಿದವರೇ ಅವರು. ನಾನು ಕಂಡೆ, ಆದರೆ ಅದಕ್ಕೆ ಅರ್ಥ ಹಚ್ಚುವ ಗೋಜಿಗೆ ಹೋಗಲಿಲ್ಲ.

ಆ ದಿನ ನನಗೆ ಒಪ್ಪಿಸಿದ್ದು ನಂದಿಗುಡಿ ಕಡೆಯ ಒಬ್ಬ ಅಜ್ಜನನ್ನು. ಭತ್ತದ ಗದ್ದೆಯಲ್ಲಿ ಬರಿಗಾಲಿನಲ್ಲಿ ಓಡಾಡಿದ ಕಾಲು. ಅವರಿಗೂ ಸಕ್ಕರೆ ಕಾಯಿಲೆ. ಎಡಗಾಲಿನ ಕಿರುಬೆರಳ ಸಂದಿನಲ್ಲಿ ಒಂದು ಗಾಯ, ವಾರದಿಂದ ಡ್ರೆಸಿಂಗ್ ಆಗುತ್ತಿತ್ತು. ಮಧ್ಯಾಹ್ನ ಮನೆಗೆ ಕಳಿಸುವವರಿದ್ದರು. ಅಜ್ಜಿ ಆಗಲೇ ತಟ್ಟೆ ಲೋಟಗಳನ್ನು ಚೀಲಕ್ಕೆ ತುಂಬಿಕೊಂಡು, ಮಂಚದ ಪಕ್ಕ ನೆಲದ ಮೇಲೆ ಕೂತಿದ್ದರು. ನಮ್ಮವರು ಬೇರೆ ಬೇರೆ ಮಂಚಗಳ ಬಳಿ ಇದ್ದರು. ನನ್ನ ಪಕ್ಕ ಮೇಡಂ ಒಬ್ಬರೇ.

ತಲೆಯಿಂದ ಶುರುಮಾಡಿ ಕಾಲಿಗೆ ಬಂದೆ. ಪಾದದ ಮೇಲೆ, ಹೆಬ್ಬೆರಳು ಮತ್ತು ಎರಡನೇ ಬೆರಳಿನ ಸಂದಿನಿಂದ ನೇರ ಮೇಲಕ್ಕೆ ಹೋದರೆ ಅರ್ಧ ದಾರಿಯಲ್ಲಿ ಒಂದು ನಾಡಿ ಸಿಗುತ್ತದೆ. ಕೈಯ ನಾಡಿಯಷ್ಟು ಸಲೀಸಲ್ಲ. ಜೋರಾಗಿ ಒತ್ತಿದರೆ ಮಾಯವಾಗುತ್ತದೆ, ಇಲ್ಲವೇ ನಮ್ಮದೇ ಬೆರಳಿನ ಬಡಿತ ರೋಗಿಯದೆಂದು ಭ್ರಮೆಯಾಗುತ್ತದೆ. ಬಲಗಾಲಿನಲ್ಲಿ ಸಣ್ಣಗೆ ಸಿಕ್ಕಿತು. ಎಡಗಾಲಿನಲ್ಲಿ ಹುಡುಕಿದೆ, ಬೆರಳು ಜರುಗಿಸಿದೆ, ಮತ್ತೆ ಹುಡುಕಿದೆ. ಇಲ್ಲ. ನನ್ನ ಕೈ ಸರಿಯಿಲ್ಲ ಎಂದುಕೊಂಡೆ. ಬ್ಯಾಚಿನಲ್ಲಿ ಒಳ್ಳೆಯ ಕೈ ನನ್ನದೆಂದು ಹೆಸರಿತ್ತು, ಅದನ್ನು ಕಳೆದುಕೊಳ್ಳಲು ಮನಸ್ಸಿರಲಿಲ್ಲ. “ಸಿಕ್ತು ಮೇಡಂ” ಎಂದೆ.

ಈಗ ಅವರು ಬೆರಳಿಟ್ಟು ನನ್ನನ್ನು ಹಿಡಿದುಹಾಕುತ್ತಾರೆ ಎಂದು ತಲೆ ತಗ್ಗಿಸಿದೆ. ಅವರು ಬೆರಳಿಟ್ಟರು. ಕಿಟಕಿಯ ಕಡೆ ನೋಡುತ್ತ ಸ್ವಲ್ಪ ಹೊತ್ತು ನಿಂತರು. ಆಮೇಲೆ “ಹ್ಞೂಂ” ಎಂದು ತಲೆಯಾಡಿಸಿದರು. ಅದೇ ಹೊತ್ತಿಗೆ ರೌಂಡ್ಸಿಗೆ ಬಂದ ಚಿಕ್ಕ ವಯಸ್ಸಿನ ಡಾಕ್ಟರು, “ಕಾಲಿನ ನಾಡಿ ನೋಡಿದ್ರಾ ಮೇಡಂ?” ಎಂದು ಕೇಳಿದರು. “ಐತ್ರಿ ಸರ್” ಎಂದರು ಮೇಡಂ. ಆ ಆಸ್ಪತ್ರೆಯಲ್ಲಿ ಅವರ ಬೆರಳಿನ ಮೇಲೆ ಯಾರೂ ಮತ್ತೆ ಬೆರಳಿಟ್ಟು ನೋಡುತ್ತಿರಲಿಲ್ಲ. ಡಾಕ್ಟರು ಬರೆದುಕೊಂಡು ಮುಂದಿನ ವಾರ್ಡಿಗೆ ಹೋದರು.

ಇಲ್ಲದ್ದನ್ನು ಇದೆ ಎಂದವಳು ನಾನು. ಅದನ್ನು ಅವರು ಯಾಕೆ ಒಪ್ಪಿದರು? ಕೈ ತೊಳೆಯುವ ಸಿಂಕಿನ ಬಳಿ ನಿಂತಾಗ ಬೊಬ್ಬೆ, ಚಹಾದ ಲೋಟ, ‘ನೀನೇ ಮೊದ್ಲು ನೋಡು’ ಎಲ್ಲ ಒಂದರ ಪಕ್ಕ ಒಂದು ಬಂದು ಕೂತವು. ಹೇಳಿದರೆ ನಾನು ಸುಳ್ಳಿ ಎಂದಾಗುತ್ತದೆ, ಅವರ ಮಾನವೂ ಹೋಗುತ್ತದೆ. ಹೇಳದಿದ್ದರೆ, ರಕ್ತ ಹರಿಯದ ಆ ಕಾಲು ಬಟ್ಟೆ ಸುತ್ತಿಕೊಂಡು ನಂದಿಗುಡಿ ಬಸ್ಸು ಹತ್ತುತ್ತದೆ. ನಾನು ತಕ್ಷಣ ಓಡಿದೆ ಎಂದು ಬರೆಯಲು ಆಸೆಯಿದೆ. ಓಡಲಿಲ್ಲ. ನಾಲ್ಕು ಸಲ ಸೋಪು ಹಚ್ಚಿ ಕೈ ತೊಳೆದೆ. ಜೇಬಿನ ಬಳೆಗಳ ಸದ್ದು ಹಿಂದೆ ಬಂದು ನಿಂತಿತು.

“ಮೇಡಂ, ಅಜ್ಜನ ಎಡಗಾಲಿನಾಗೆ ನಾಡಿ ಸಿಗ್ಲಿಲ್ಲ. ನಾನು ಸುಳ್ಳು ಹೇಳಿದೆ” ಎಂದೆ.

ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ನನ್ನ ಒದ್ದೆ ಕೈ ಹಿಡಿದು ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟರು. ವಾಚು ನೋಡಲಿಲ್ಲ. “ಈಗ ನಿನ್ನ ಎದೆ ಹೊಡ್ಕಳ್ಳಾದು ನಿನ್ನ ಕುತ್ತಿಗೆಯಾಗೆ ಕಾಣ್ತೈತೆ. ನನ್ನ ಬೆರಳಿಗೆ ಗೊತ್ತಾಗ್ತಿಲ್ಲ ನೋಡು” ಎಂದರು. “ವರ್ಷ ಆತು. ನಿಮ್ಮ ಕೈ ಮ್ಯಾಲೆ ಭಾರ ಹಾಕಿ ಹೆಂಗೋ ನಡಸ್ತಿದ್ದೆ.” ಆಮೇಲೆ ಕೈಬಿಟ್ಟು, “ಬಾ” ಎಂದರು.

ಮುಂದಿನ ವಾರ್ಡಿನಲ್ಲಿ ಡಾಕ್ಟರ ಸುತ್ತ ಹತ್ತು ಜನ ಇದ್ದರು, ನಮ್ಮ ಬ್ಯಾಚಿನವರೂ ಅಲ್ಲಿಗೆ ಬಂದಿದ್ದರು. ಮೇಡಂ ಎಲ್ಲರ ನಡುವೆ ಹೋಗಿ ನಿಂತರು. “ಸರ್, ಅಜ್ಜನ್ನ ಕಳಿಸ್ಬ್ಯಾಡ್ರಿ. ಎಡಗಾಲಿನಾಗೆ ನಾಡಿ ಇಲ್ಲ. ಈ ಹುಡುಗಿ ಆಗ್ಲೇ ಸಿಗ್ಲಿಲ್ಲ ಅಂದ್ಲು, ನಾನೇ ಐತೆ ಅಂದೆ. ನನ್ನ ಬೆರಳಿಗೆ ಸ್ಪರ್ಶ ಗೊತ್ತಾಗಾದಿಲ್ರಿ. ಮುಚ್ಚಿಟ್ಟಿದ್ದೆ, ತಪ್ಪಾತು.”

ನಾನು ಬಾಯಿ ತೆರೆದೆ. ಅವರು ನನ್ನ ಕಡೆ ತಿರುಗಿ ನೋಡಿದರು, ಅಷ್ಟೇ. ಬಾಯಿ ಮುಚ್ಚಿಕೊಂಡೆ. ಆ ನೋಟಕ್ಕೆ ಹೆದರಿ ಮುಚ್ಚಿಕೊಂಡೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ನಿಜ ಅದಲ್ಲ. ನನಗೆ ಹಾಯೆನಿಸಿತ್ತು.

ಡಾಕ್ಟರು ತಾವೇ ಬಂದು ಹುಡುಕಿದರು, ಸಿಗಲಿಲ್ಲ. ಅಜ್ಜನನ್ನು ಅವತ್ತೇ ಸ್ಕ್ಯಾನಿಗೆ ಕಳಿಸಿದರು, ತೊಡೆಯ ಕೆಳಗೆ ರಕ್ತನಾಳ ಕಟ್ಟಿತ್ತು. ಎರಡು ಬೆರಳು ಹೋದವು, ಕಾಲು ಉಳಿಯಿತು. ಮನೆಗೆ ಹೊರಟ ದಿನ ಅಜ್ಜಿ, ವಾರ್ಡಿನ ಹೊರಗೆ ನಿಂತಿದ್ದ ಮೇಡಂ ಕಡೆ ನೋಡಲೂ ಇಲ್ಲ. ನನ್ನ ಎರಡೂ ಕೈ ಹಿಡಿದುಕೊಂಡು, “ನಿನ್ನ ಹೊಟ್ಟೆ ತಣ್ಣಗಿರ್ಲವ್ವಾ” ಎಂದರು. ಅವತ್ತು ‘ಸಿಕ್ತು ಮೇಡಂ’ ಎಂದದ್ದನ್ನು ಅಜ್ಜಿ ಕೇಳಿಸಿಕೊಂಡಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳುವ ಧೈರ್ಯ ಆಗಲಿಲ್ಲ.

ಆ ವಾರದಿಂದ ಮೇಡಂ ಅವರನ್ನು ವಾರ್ಡಿಗೆ ಬಿಡಲಿಲ್ಲ. ನಿವೃತ್ತಿಗೆ ಇನ್ನೂ ಎರಡು ವರ್ಷವಿತ್ತು. ತರಗತಿ ಪಾಠ ಮತ್ತು ಗ್ರಂಥಾಲಯದ ಉಸ್ತುವಾರಿ ಕೊಟ್ಟರು. ಬಸ್ಸಿನಲ್ಲಿ ಎಂದಿನಂತೆ ನನ್ನ ಪಕ್ಕ ಕೂರುತ್ತಿದ್ದರು. ಒಂದು ದಿನ ಬಾತಿ ದಾಟಿದ ಮೇಲೆ ನಾನೇ ಎತ್ತಿದೆ: “ಮೇಡಂ, ಆವತ್ತು ನನ್ನ ಸುಳ್ಳನ್ನೂ ನಿಮ್ಮ ತಲೆ ಮ್ಯಾಲೆ ಯಾಕ ಹಾಕ್ಕೊಂಡ್ರಿ?” ಅವರು ಮುಂದಿನ ಸೀಟಿನಲ್ಲಿ ಮಲಗಿದ್ದವರ ಬೆನ್ನು ನೋಡುತ್ತಿದ್ದರು. “ನೀನು ಇನ್ನಾ ಮೂವತ್ತು ನಲವತ್ತು ವರ್ಷ ಜನರ ಮೈ ಮುಟ್ಬೇಕು. ನಂದು ಮುಗ್ದಿತ್ತು” ಎಂದರು. ಆಮೇಲೆ, “ಇವ್ರದು ಎಷ್ಟು, ಎಣಿಸು” ಎಂದು ವಾಚು ಹಿಡಿದರು.

ಆ ಸುಳ್ಳಿನಿಂದ ನನಗೆ ಒಳ್ಳೆಯದೇ ಆಯಿತು. ಮೇಡಂ ಎದುರೇ ಸತ್ಯ ಹೇಳಿದ ಹುಡುಗಿ ಎಂಬ ಹೆಸರು ನನ್ನ ಜೊತೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಬಂತು. ಈಗ ಒಂದು ವಾರ್ಡಿನ ಉಸ್ತುವಾರಿ ನನ್ನದು. ಡಾಕ್ಟರುಗಳು ಅನುಮಾನ ಬಂದಾಗ “ಸಿಸ್ಟರ್ ಒಂದ್ಸಲ ಕೈ ಇಟ್ಟು ನೋಡ್ಲಿ” ಎನ್ನುತ್ತಾರೆ. ಅಂದಿನಿಂದ ಇಂದಿನವರೆಗೆ ಎಣಿಸದೆ ಒಂದು ಅಂಕಿಯನ್ನೂ ಬರೆದಿಲ್ಲ, ಅದು ಮಾತ್ರ ನನ್ನ ಸ್ವಂತದ್ದು. ಆದರೆ ಯಾರಾದರೂ ಆ ಕತೆ ಎತ್ತಿ ಹೊಗಳಿದಾಗಲೆಲ್ಲ ನಾಚಿಕೆಯಾಗುತ್ತದೆ, ಮತ್ತು ಪ್ರತಿ ಸಲವೂ ಸುಮ್ಮನಿದ್ದೇನೆ.

ಕಳೆದ ವರ್ಷ ಅವರನ್ನು ನೋಡಲು ಹೋಗಿದ್ದೆ. ಕಣ್ಣು ಮಂಜಾಗಿತ್ತು. ಚಹಾ ಕುಡಿದಾದ ಮೇಲೆ ಎಡಗಾಲನ್ನು ಮುಂದೆ ಚಾಚಿ, “ನಂದೂ ನೋಡು, ಐತೇನು?” ಎಂದರು. ಕಂಕುಳಲ್ಲಿ ಕೈ ಬೆಚ್ಚಗೆ ಮಾಡಿಕೊಂಡು ಪಾದದ ಮೇಲೆ ಬೆರಳಿಟ್ಟೆ. ಬಹಳ ಹೊತ್ತು ಬೇಕಾಯಿತು. “ಐತ್ರಿ ಮೇಡಂ, ಸಣ್ಣಗೈತೆ” ಎಂದೆ.

“ಖರೇನಾ?” ಎಂದರು.

ಅಷ್ಟು ವರ್ಷಗಳಲ್ಲಿ ಅವರಾಗಿ ಆ ದಿನವನ್ನು ನೆನಪಿಸಿದ್ದು ಆ ಒಂದು ಮಾತಿನಲ್ಲಿ ಮಾತ್ರ. ನಾನು ಖರೇ ಎಂದೆ. ಅವರು ನಕ್ಕು ಕಾಲು ಒಳಗೆ ಎಳೆದುಕೊಂಡರು.

ತೀರಿಕೊಂಡ ದಿನ ರಜೆ ಹಾಕಿ ಹೋದೆ. ಪಡಸಾಲೆಯಲ್ಲಿ ಮಂಚದ ಮೇಲೆ ಮಲಗಿಸಿದ್ದರು. ಎದೆಯವರೆಗೆ ಹೂವು, ಕಾಲ್ದೆಸೆಯಲ್ಲಿ ಪಾದ ಮುಟ್ಟಿ ನಮಸ್ಕರಿಸುವವರ ಸಾಲು. ನಮ್ಮ ಬ್ಯಾಚಿನ ಆರೇಳು ಜನ ಸಾಲಿನಲ್ಲಿದ್ದರು, ಗುಂಪಿನಲ್ಲಿ ನನ್ನನ್ನು ಹೊಗಳಿ ಬರೆದವಳು ನನ್ನ ಹಿಂದೆಯೇ ಇದ್ದಳು. ನನ್ನ ಸರದಿ ಬಂದಾಗ ಕೈಗಳು ತಾವಾಗಿ ಕಂಕುಳಿಗೆ ಹೋದವು. ಅರ್ಧ ನಿಮಿಷ ನಿಂತೆ. ಬಗ್ಗಿ ಎಡಪಾದ ಮುಟ್ಟಿದೆ. ಮೂರು ಬೆರಳು ಹೆಬ್ಬೆರಳ ಸಂದಿನಿಂದ ಮೇಲಕ್ಕೆ ಹೋಗಿ, ಅರ್ಧ ದಾರಿಯಲ್ಲಿ ನಿಂತವು. ಅವರ ಮಣಿಕಟ್ಟಿನ ವಾಚನ್ನು ಯಾರೋ ಬಿಚ್ಚಿಟ್ಟಿದ್ದರು, ನನ್ನ ವಾಚು ನೋಡಿಕೊಂಡೆ. ಹಿಂದಿನವರು “ಮುಂದ ಹೋಗ್ರಿ” ಎಂದರು. ಹೋಗಲಿಲ್ಲ. ಒಂದು ನಿಮಿಷ ಪೂರ್ತಿ ಆಗಬೇಕಿತ್ತು.

ಆಮೇಲೆ ಎದ್ದು ನಿಂತು ಹಿಂದೆ ತಿರುಗಿದೆ. “ಆವತ್ತು ಮೊದ್ಲು ತಪ್ಪು ಹೇಳಿದ್ದು ಮೇಡಂ ಅಲ್ಲ. ನಾನು ಸಿಕ್ತು ಅಂದಿದ್ದೆ, ಅವರು ನನ್ನ ನಂಬಿದ್ರು” ಎಂದೆ. ಅವಳು ಏನೂ ಅರ್ಥವಾಗದೆ ನನ್ನ ಮುಖ ನೋಡಿದಳು. ಮತ್ತೆ ಮಂಚದ ಕಡೆ ತಿರುಗಿ, ಕೇಳುವವರಿಗೆಲ್ಲ ಕೇಳುವಂತೆ ಹೇಳಿದೆ: “ಸಿಗ್ಲಿಲ್ಲ ಮೇಡಂ. ಖರೇ.”